ಕಲಬುರಗಿಗೆ ಸಾಂಸ್ಕೃತಿಕ ಯೋಜನೆ ಮಾಡುವುದು ಹೇಗೆ: ಉತ್ಸವಕ್ಕಿಂತ ಮೊದಲು ತಾಲೀಮಿನ ಜಾಗ

ನಗರದ ಸಾಂಸ್ಕೃತಿಕ ಯೋಜನೆ ಎಂದೊಡನೆ ಮೂರು ದಿನದ ಉತ್ಸವ, ಇಲ್ಲವೇ ಇನ್ನೊಂದು ದೊಡ್ಡ ರಂಗಮಂದಿರದ ಮಾತು ಬರುತ್ತದೆ. ಎರಡಕ್ಕೂ ಹಣ ಹೇಗೋ ಹೊಂದುತ್ತದೆ, ಉದ್ಘಾಟನೆಯೂ ಆಗುತ್ತದೆ. ಆದರೆ ನಾಟಕ ಆಡುವವರಿಗೆ, ತತ್ವಪದ ಹಾಡುವವರಿಗೆ, ಹಲಗೆ ಬಾರಿಸುವವರಿಗೆ ದಿನನಿತ್ಯ ಬೇಕಾದದ್ದು ಬೇರೆ: ಸಂಜೆ ಆರರಿಂದ ಒಂಬತ್ತರವರೆಗೆ ತಾಲೀಮು ಮಾಡಲು ಒಂದು ಕೋಣೆ, ಅದರ ಕೀಲಿ ಕೊಡುವ ಒಬ್ಬ ಮನುಷ್ಯ, ಲೈಟ್ ಬಿಲ್ ಕಟ್ಟುವ ಒಂದು ಲೆಕ್ಕಶೀರ್ಷಿಕೆ. ಈ ಮೂರನ್ನೂ ಖಾತ್ರಿ ಮಾಡದ ಯೋಜನೆ ಎಷ್ಟು ದಪ್ಪ ಪುಸ್ತಕವಾಗಿ ಬಂದರೂ ಕಪಾಟು ಸೇರುತ್ತದೆ. ಕಲಬುರಗಿಯನ್ನು ಮುಂದಿಟ್ಟುಕೊಂಡು ಇಲ್ಲಿ ಕ್ರಮ ಹೇಳಿದ್ದೇವೆ. ಬೀದರ್, ಯಾದಗಿರಿಗೂ ಸಣ್ಣಪುಟ್ಟ ಬದಲಾವಣೆಯೊಂದಿಗೆ ಇದೇ ನಡೆಯುತ್ತದೆ.

ಮೊದಲು ಠರಾವು

ಸಂಸ್ಕೃತಿ ರಾಜ್ಯದ ಇಲಾಖೆಯ ಕೆಲಸ, ಪಾಲಿಕೆಗೆ ರಸ್ತೆ, ನೀರು, ಕಸ ಸಾಕು ಎಂಬ ಮಾತನ್ನು ಸಭೆಯಲ್ಲಿ ಯಾರಾದರೂ ಎತ್ತಿಯೇ ಎತ್ತುತ್ತಾರೆ. ಉತ್ತರ ಸಂವಿಧಾನದಲ್ಲೇ ಇದೆ. 1992ರ 74ನೇ ತಿದ್ದುಪಡಿಯಿಂದ ಸೇರಿದ 12ನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ಕೆಲಸಗಳಿವೆ. ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯದ ಅಂಶಗಳಿಗೆ ಪ್ರೋತ್ಸಾಹ ಕೊಡುವುದು ಅದರಲ್ಲಿ 13ನೆಯದು. ಠರಾವಿನ ಮೊದಲ ಸಾಲಿನಲ್ಲೇ ಇದನ್ನು ಬರೆಯಿರಿ. ನಾಳೆ ಲೆಕ್ಕ ಪರಿಶೋಧನೆಯಲ್ಲಿ ‘ಈ ಖರ್ಚು ಏಕೆ’ ಎಂಬ ಆಕ್ಷೇಪ ಬಂದಾಗ ಆ ಒಂದು ಸಾಲು ಕೆಲಸಕ್ಕೆ ಬರುತ್ತದೆ.

ಪಾಲಿಕೆಯ ಸ್ಥಾಯಿ ಸಮಿತಿಗಳು ತೆರಿಗೆ ಮತ್ತು ಹಣಕಾಸು, ಆರೋಗ್ಯ ಮತ್ತು ಶಿಕ್ಷಣ, ನಗರ ಯೋಜನೆ, ಲೆಕ್ಕಪತ್ರ ಎಂದು ಹಂಚಿಕೊಂಡಿವೆ. ಸಂಸ್ಕೃತಿಗೆ ಅಲ್ಲಿ ಪ್ರತ್ಯೇಕ ಕುರ್ಚಿ ಇಲ್ಲ. ಹಾಗಾಗಿ 11ರಿಂದ 15 ಜನರ ಒಂದು ಸಾಂಸ್ಕೃತಿಕ ಯೋಜನಾ ಸಮಿತಿ ಬೇಕು. ಪಾಲಿಕೆ ಆಯುಕ್ತರು, ನಗರಾಭಿವೃದ್ಧಿ ಪ್ರಾಧಿಕಾರ, ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಶಾಲಾ ಶಿಕ್ಷಣ ಇಲಾಖೆ, ಗ್ರಂಥಾಲಯ ಇಲಾಖೆ, ಪೊಲೀಸ್, ಪುರಾತತ್ವ ಇಲಾಖೆ, ಇವರಿಂದ ಒಬ್ಬೊಬ್ಬರು. ಉಳಿದವರೆಲ್ಲ ಕಲಾವಿದರು ಮತ್ತು ಓಣಿಯ ಪ್ರತಿನಿಧಿಗಳು, ಅವರಲ್ಲಿ ಕನಿಷ್ಠ ಅರ್ಧ ಹೆಣ್ಣುಮಕ್ಕಳು. ಪೊಲೀಸರನ್ನು ಮೊದಲ ದಿನದಿಂದಲೇ ಕೂಡಿಸಿಕೊಳ್ಳಿ. ಧ್ವನಿವರ್ಧಕದ ಪರವಾನಗಿ ಕಡೆಗೆ ಅವರ ಮೇಜಿಗೇ ಹೋಗುತ್ತದೆ.

ಠರಾವಿನಲ್ಲಿ ಗಡುವು ಇರಲೇಬೇಕು: ಸಮೀಕ್ಷೆಗೆ ನಾಲ್ಕು ತಿಂಗಳು, ಕರಡಿಗೆ ಎರಡು ತಿಂಗಳು, ಆಕ್ಷೇಪಣೆಗೆ ಒಂದು ತಿಂಗಳು. ಪಾಲಿಕೆ ಬಜೆಟ್ ಏಪ್ರಿಲ್ 1ರಿಂದ ಜಾರಿಗೆ ಬರುವುದರಿಂದ ಹಿಂದಕ್ಕೆ ಎಣಿಸಿ ಜೂನ್‌ನಲ್ಲಿ ಶುರು ಮಾಡಿದರೆ ಡಿಸೆಂಬರ್ ಕೊನೆಗೆ ಅಂಕಿಸಂಖ್ಯೆ ಕೈಯಲ್ಲಿರುತ್ತದೆ, ಬಜೆಟ್ ಪೂರ್ವಭಾವಿ ಸಭೆಗೆ ಸರಿಹೋಗುತ್ತದೆ. ಅಕ್ಟೋಬರ್‌ನಲ್ಲಿ ಶುರು ಮಾಡಿದರೆ ಒಂದು ವರ್ಷ ಸುಮ್ಮನೆ ಹೋದಂತೆಯೇ.

ಓಣಿ ಓಣಿಯ ಸಮೀಕ್ಷೆ

ಇಡೀ ಯೋಜನೆಯ ಜೀವ ಇರುವುದು ಇಲ್ಲಿ. ಪಾಲಿಕೆಯ 55 ವಾರ್ಡ್‌ಗಳಲ್ಲಿ ಯಾರು ಏನು ಹಾಡುತ್ತಾರೆ, ಕುಣಿಯುತ್ತಾರೆ, ಬರೆಯುತ್ತಾರೆ, ಕೆತ್ತುತ್ತಾರೆ ಎಂಬ ಯಾದಿ ಬೇಕು. ಇಲಾಖೆಯಲ್ಲಿ ನೋಂದಣಿಯಾದ ಸಂಘಗಳ ಪಟ್ಟಿ ತಂದು ಅದನ್ನೇ ಸಮೀಕ್ಷೆ ಎಂದು ಕರೆಯುವ ತಪ್ಪು ಎಲ್ಲೆಡೆ ಆಗುತ್ತದೆ. ನೋಂದಣಿ ಇರುವವರು ಅನುದಾನದ ಅರ್ಜಿ ಹಾಕಲು ಬಲ್ಲವರು. ಶ್ರಾವಣದಲ್ಲಿ ತಿಂಗಳಿಡೀ ನಡೆಯುವ ಓಣಿಯ ಭಜನಾ ಮೇಳಕ್ಕೆ ನೋಂದಣಿ ಇರುವುದು ಕಡಿಮೆ. ಮೊಹರಂನಲ್ಲಿ ಕನ್ನಡದ ರಿವಾಯತ ಪದ ಹಾಡುವವರು, ಹೆಜ್ಜೆ ಮೇಳದವರು, ಖಾನ್ಖಾಗಳಲ್ಲಿ (ಸೂಫಿ ಮಠಗಳಲ್ಲಿ) ಕವ್ವಾಲಿ ಹಾಡುವವರು, ತಾಂಡಾಗಳಲ್ಲಿ ಕಸೂತಿ ಹಾಕುವ ಲಂಬಾಣಿ ಹೆಂಗಸರು, ಸೋಬಾನೆ ಮತ್ತು ಬೀಸುವ ಪದದ ಅಜ್ಜಿಯರು, ಮದುವೆ ಬ್ಯಾಂಡಿನವರು, ಕೈಯಿಂದಲೇ ಬೋರ್ಡ್ ಬರೆಯುವ ಪೇಂಟರುಗಳು, ಇವರೆಲ್ಲ ಹಾಗೆಯೇ ತಪ್ಪಿಹೋಗುತ್ತಾರೆ.

ಫಾರಂ ಕನ್ನಡದಲ್ಲೂ ಉರ್ದುವಿನಲ್ಲೂ ಅಚ್ಚಾಗಲಿ. ಕೇಳುವವರಲ್ಲಿ ಮರಾಠಿ, ತೆಲುಗು, ಲಂಬಾಣಿ ಮಾತಾಡುವವರೂ ಇರಲಿ. ಒಂದು ವಾರ್ಡಿಗೆ ಇಬ್ಬರು, ಅವರಲ್ಲಿ ಒಬ್ಬರು ಹೆಣ್ಣುಮಗಳು. ಮನೆಯ ಅಜ್ಜಿ ಗಂಡಸಿನ ಮುಂದೆ ‘ನನಗೇನೂ ಬರಂಗಿಲ್ಲರೀ’ ಎಂದು ಹೇಳಿ ಕಳಿಸಿಬಿಡುತ್ತಾಳೆ. ಮಧ್ಯಾಹ್ನ ಹೋದರೆ ದುಡಿಯುವವರು ಮನೆಯಲ್ಲಿರುವುದಿಲ್ಲ, ಸಂಜೆ ಆರರ ನಂತರವೇ ಹೋಗಬೇಕು.

‘ನೀವು ಕಲಾವಿದರೇ?’ ಎಂಬ ಪ್ರಶ್ನೆಯನ್ನು ಫಾರಂನಿಂದ ತೆಗೆದುಹಾಕಿ. ಅದಕ್ಕೆ ಬಹಳ ಜನ ಇಲ್ಲ ಎನ್ನುತ್ತಾರೆ. ಬದಲಿಗೆ ಹೀಗೆ ಕೇಳಿ: ವಾರಕ್ಕೆ ಎಷ್ಟು ಸಲ ಕೂಡುತ್ತೀರಿ? ಎಲ್ಲಿ? ಆ ಜಾಗ ಯಾರದು? ಲೈಟ್ ಬಿಲ್ ಯಾರು ಕಟ್ಟುತ್ತಾರೆ? ವಾದ್ಯ ಯಾರದು, ಕೆಟ್ಟರೆ ಎಲ್ಲಿ ದುರಸ್ತಿ ಮಾಡಿಸುತ್ತೀರಿ? ಹೋದ ವರ್ಷ ಎಷ್ಟು ಕಡೆ ಕರೆದರು, ಎಷ್ಟು ಕೊಟ್ಟರು, ಕೊಡಲು ಎಷ್ಟು ತಿಂಗಳು ಹಿಡಿಯಿತು? ನಿಮ್ಮಿಂದ ಕಲಿಯುತ್ತಿರುವವರು ಎಷ್ಟು ಮಂದಿ, ಅವರ ವಯಸ್ಸೆಷ್ಟು? ಕೊನೆಯ ಪ್ರಶ್ನೆಗೆ ಬರುವ ಉತ್ತರವೇ ಯಾವ ಕಲೆ ಮೊದಲು ಕೈತಪ್ಪುತ್ತದೆ ಎಂದು ತೋರಿಸುತ್ತದೆ. ಗುರುವಿಗೆ 65 ದಾಟಿ ಶಿಷ್ಯರು ಇಬ್ಬರಿಗಿಂತ ಕಡಿಮೆ ಇದ್ದರೆ ಆ ಫಾರಂಗೆ ಕೆಂಪು ಗುರುತು ಹಾಕಿ. ಯೋಜನೆಯ ಮೊದಲ ರೂಪಾಯಿ ಅಲ್ಲಿಗೆ ಹೋಗಬೇಕು.

ಫಾರಂನ ಅಡಿಯಲ್ಲಿ ಎರಡು ಒಪ್ಪಿಗೆ ಬೇರೆ ಬೇರೆ ಇರಲಿ: ಹೆಸರು ಪ್ರಕಟಿಸಲು ಒಂದು, ಫೋನ್ ನಂಬರ್ ಪ್ರಕಟಿಸಲು ಇನ್ನೊಂದು. ಒಪ್ಪಿಗೆ ಇಲ್ಲದೆ ನಂಬರ್ ಹೊರಗೆ ಬಿಟ್ಟರೆ, ಹೆಣ್ಣುಮಕ್ಕಳು ಮುಂದಿನ ಸಮೀಕ್ಷೆಗೆ ಬಾಗಿಲು ತೆರೆಯುವುದಿಲ್ಲ.

ಜಾಗ ಅಳೆಯುವುದು

ಜನರ ಯಾದಿಯ ಪಕ್ಕದಲ್ಲಿ ಜಾಗಗಳ ಯಾದಿ ಇಡಿ. ಡಾ. ಎಸ್.ಎಂ. ಪಂಡಿತ ರಂಗಮಂದಿರ, ಕನ್ನಡ ಭವನ, ರಂಗಾಯಣ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವು ಶಾಲೆಯ ಖಾಲಿ ಕೋಣೆ, ಸಮುದಾಯ ಭವನ, ಮಠದ ಪಡಸಾಲೆ, ಗ್ರಂಥಾಲಯದ ಮೇಲಿನ ಮಹಡಿ. ಟೇಪು ಹಿಡಿದು ಹೋಗಿ, ಪ್ರತಿ ಜಾಗಕ್ಕೂ ಉದ್ದ, ಅಗಲ, ಎತ್ತರ, ಶೌಚಾಲಯ, ವಿದ್ಯುತ್ ಲೋಡ್, ಕೀಲಿ ಯಾರ ಹತ್ತಿರ ಎಂಬುದನ್ನು ಬರೆದುಕೊಳ್ಳಿ.

ನಾಟಕದ ತಾಲೀಮಿಗೆ 30 ಅಡಿ ಅಗಲ, 40 ಅಡಿ ಉದ್ದ, 12 ಅಡಿಗೆ ಕಡಿಮೆ ಇಲ್ಲದ ಎತ್ತರ ಬೇಕು, ನಡುವೆ ಕಂಬ ಇರಬಾರದು. ಸಂಗೀತದ ನಾಲ್ಕೈದು ಜನಕ್ಕೆ 12 ಅಡಿಗೆ 15 ಅಡಿ ಕೋಣೆ ಸಾಕು. ನೆಲದ ಮೇಲೆ ಕೂತು ನೋಡುವವರಿಗೆ ತಲೆಗೆ 6 ಚದರ ಅಡಿ ಹಿಡಿಯಿರಿ: 100 ಜನಕ್ಕೆ 600 ಚದರ ಅಡಿ. ಅಂದರೆ 1,200 ಚದರ ಅಡಿಯ ಆ ತಾಲೀಮಿನ ಕೋಣೆಯೇ ಅರ್ಧ ರಂಗ, ಅರ್ಧ ಪ್ರೇಕ್ಷಕರಾಗಿ 100 ಜನರ ಪ್ರಯೋಗಕ್ಕೆ ಒದಗುತ್ತದೆ. ಊರಿಗೆ 1,000 ಕುರ್ಚಿಯ ಇನ್ನೊಂದು ಸಭಾಂಗಣಕ್ಕಿಂತ ಇಂಥ ಹತ್ತು ಕೋಣೆ ಹೆಚ್ಚು ಉಪಕಾರಿ ಎಂದು ನಾವು ಖಚಿತವಾಗಿ ನಂಬುತ್ತೇವೆ.

ನಮ್ಮ ಕಡೆಯ ಕಟ್ಟಡಗಳಿಗೆ ಒಂದು ವಿಶೇಷ ತೊಂದರೆ ಇದೆ. ನೆಲ ಶಹಾಬಾದ್ ಫರಸಿ, ಗೋಡೆ ಸಿಮೆಂಟು, ಮೇಲೆ ಆರ್‌ಸಿಸಿ. ಎಲ್ಲವೂ ಗಟ್ಟಿ, ಸದ್ದು ಹೀರುವುದು ಯಾವುದೂ ಇಲ್ಲ. ಖಾಲಿ ಕೋಣೆಯಲ್ಲಿ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ ಕೇಳಿ. ಮಾತಿನ ನಾಟಕಕ್ಕೆ ಅನುರಣನ (ಸದ್ದಿನ ಮೊಳಗು) ಒಂದು ಸೆಕೆಂಡ್ ಆಸುಪಾಸಿನಲ್ಲಿ ಅಡಗಬೇಕು, ಎರಡು ಸೆಕೆಂಡ್ ಎಳೆದರೆ ಸಂಭಾಷಣೆಯ ಕೊನೆಯ ಅಕ್ಷರ ಮುಂದಿನ ಪದವನ್ನು ನುಂಗುತ್ತದೆ. ಇಂಥ ಕಡೆ ಮೈಕ್ ಹೆಚ್ಚಿಸಿದರೆ ಗದ್ದಲ ಇನ್ನೂ ಜಾಸ್ತಿಯಾಗುತ್ತದೆ. ಹಿಂದಿನ ಗೋಡೆಗೆ ಗೋಡೆಯಿಂದ ನಾಲ್ಕು ಇಂಚು ಬಿಟ್ಟು ನೆರಿಗೆಯ ದಪ್ಪ ಪರದೆ, ನೆಲಕ್ಕೆ ಹತ್ತಿಯ ಜಮಖಾನೆ, ಇಷ್ಟರಿಂದಲೇ ಅರ್ಧ ಸಮಸ್ಯೆ ಇಳಿಯುತ್ತದೆ. ನೃತ್ಯಕ್ಕಂತೂ ಫರಸಿ ಮೊಣಕಾಲಿನ ಶತ್ರು. ಅದರ ಮೇಲೆ ಮರದ ಪಟ್ಟಿ ಹಾಕಿ 18 ಮಿ.ಮೀ. ಪ್ಲೈವುಡ್ ಹಾಸಿದರೆ ನೆಲಕ್ಕೆ ಸ್ವಲ್ಪ ಪುಟಿತ ಬರುತ್ತದೆ.

ವೇದಿಕೆ 3 ಅಡಿ ಎತ್ತರವಿದ್ದರೆ 1:12ರ ಇಳಿಜಾರಿನ ಪ್ರಕಾರ ಗಾಲಿಕುರ್ಚಿಯ ಹಾದಿ 36 ಅಡಿ ಉದ್ದವಾಗಬೇಕು. ನಕ್ಷೆಯಲ್ಲಿ ಇದಕ್ಕೆ ಜಾಗ ಬಿಡದೆ ಕಡೆಗೆ 10 ಅಡಿಯ ಕಡಿದಾದ ಇಳಿಜಾರು ಕಟ್ಟಿಬಿಡುತ್ತಾರೆ, ಅದರ ಮೇಲೆ ಗಾಲಿಕುರ್ಚಿ ಹತ್ತುವುದಿಲ್ಲ, ಹತ್ತಿದರೂ ಇಳಿಯುವಾಗ ಅಪಾಯ. ವಿದ್ಯುತ್ತಿನಲ್ಲಿ ರಂಗದ ದೀಪಕ್ಕೂ ಧ್ವನಿಗೂ ಬೇರೆ ಬೇರೆ ಫೇಸ್ ಇರಲಿ, ಅರ್ಥಿಂಗ್ ಚೆನ್ನಾಗಿರಲಿ. ಎರಡೂ ಒಂದರಲ್ಲೇ ಇದ್ದರೆ ಡಿಮ್ಮರ್ ತಿರುಗಿಸಿದಾಗಲೆಲ್ಲ ಸ್ಪೀಕರ್ ಗುಂಯ್‌ಗುಟ್ಟುತ್ತದೆ.

ಸರ್ಕಾರಿ ಶಾಲೆಯ ಕೋಣೆಯನ್ನು ಸಂಜೆ ಬಿಟ್ಟುಕೊಡಲು ‘ಕರೆಂಟ್ ಖರ್ಚು ಯಾರು ಕೊಡಬೇಕು’ ಎಂಬುದೇ ದೊಡ್ಡ ಅಡ್ಡಿ. ಲೆಕ್ಕ ಹಾಕಿ ನೋಡಿ. 75 ವಾಟ್‌ನ ನಾಲ್ಕು ಫ್ಯಾನು 300 ವಾಟ್, 20 ವಾಟ್‌ನ ಆರು ಎಲ್‌ಇಡಿ ಟ್ಯೂಬು 120 ವಾಟ್, ಒಟ್ಟು 420. ದಿನಕ್ಕೆ ಮೂರು ಗಂಟೆ, ತಿಂಗಳಿಗೆ 25 ದಿನ ಎಂದರೆ 75 ಗಂಟೆ, ಸುಮಾರು 32 ಯೂನಿಟ್. ಇಷ್ಟಕ್ಕಾಗಿ ಒಂದು ಓಣಿಯ ಕಲೆ ನಿಂತಿರುತ್ತದೆ! ಪಾಲಿಕೆ ವಿದ್ಯುತ್ ಪೂರೈಸುವ ಜೆಸ್ಕಾಂಗೆ ಹೇಳಿ ಬೇರೆ ಮೀಟರ್ ಹಾಕಿಸಿ ಆ ಬಿಲ್ಲನ್ನು ತಾನೇ ಕಟ್ಟಿದರೆ ಮುಖ್ಯೋಪಾಧ್ಯಾಯರ ಆತಂಕ ತೀರುತ್ತದೆ. ಒಪ್ಪಂದ ಒಂದೇ ಪುಟದ್ದಿರಲಿ: ಸಮಯ, ಕೀಲಿ, ಕಾವಲುಗಾರನ ಹೆಚ್ಚುವರಿ ಗೌರವಧನ, ಬೆಂಚು ಮತ್ತೆ ಜೋಡಿಸುವ ಹೊಣೆ, ಪರೀಕ್ಷೆಯ ತಿಂಗಳಲ್ಲಿ ಬಿಡುವು. ಬೆಂಚಿನ ಮಾತು ಸಣ್ಣದೆಂದು ಬಿಡಬೇಡಿ. ಬೆಳಿಗ್ಗೆ ಬೆಂಚು ಅಸ್ತವ್ಯಸ್ತವಾಗಿ ಕಂಡರೆ ಒಪ್ಪಂದ ಎರಡನೇ ವಾರಕ್ಕೇ ಮುರಿಯುತ್ತದೆ.

ಮುಂದಿನ ಬಡಾವಣೆಗಳ ವಿಷಯದಲ್ಲಿ ನಗರಾಭಿವೃದ್ಧಿ ಪ್ರಾಧಿಕಾರದ ಜೊತೆ ಕೂಡಿ. ನಗರದ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಪರಿಷ್ಕರಣೆ ನಡೆಯುವಾಗಲೇ ನಾಗರಿಕ ಸೌಕರ್ಯದ ನಿವೇಶನಗಳಲ್ಲಿ ಕೆಲವನ್ನು ತಾಲೀಮಿನ ಮನೆಗೆ ಎಂದು ಗುರುತಿಸಬೇಕು. ನಕ್ಷೆ ಅಂತಿಮವಾದ ಮೇಲೆ ಕೇಳಿದರೆ ಸಿಗುವುದು ಕಷ್ಟ.

ಸ್ಮಾರಕದ ಸುತ್ತ

ಕೋಟೆ, 1367ರಲ್ಲಿ ಕಟ್ಟಿದ ಜಾಮಿ ಮಸೀದಿ, ಹಫ್ತ್ ಗುಂಬಜ್ ಇವೆಲ್ಲ ಹಿನ್ನೆಲೆಯಾಗಿ ಕಂಡರೆ ಯಾರಿಗಾದರೂ ಅಲ್ಲೇ ಒಂದು ಉತ್ಸವ ಮಾಡೋಣ ಎನಿಸುತ್ತದೆ. ಕಾನೂನು ಮೊದಲು ನೋಡಿ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. 100 ಮೀಟರ್ ಒಳಗೆ ಹೊಸ ಕಟ್ಟಡದ ಮಾತೇ ಇಲ್ಲ. ಶಾಶ್ವತ ಬಯಲು ರಂಗಮಂದಿರವನ್ನು ಅಲ್ಲಿ ಕಲ್ಪಿಸಿಕೊಂಡು ವಿವರವಾದ ವರದಿಗೆ ಹಣ ಸುರಿಯಬೇಡಿ. ಸ್ಮಾರಕದ ಆವರಣದಲ್ಲಿ ಕಾರ್ಯಕ್ರಮಕ್ಕೂ ಪುರಾತತ್ವ ಸರ್ವೇಕ್ಷಣೆಯ ಲಿಖಿತ ಅನುಮತಿ ಬೇಕು, ಅರ್ಜಿಯನ್ನು ತಿಂಗಳುಗಟ್ಟಲೆ ಮುಂಚೆಯೇ ಹಾಕಿ. ಅನುಮತಿ ಬಂದ ಮೇಲೂ ಗೋಡೆಗೆ ಮೊಳೆ, ಹಗ್ಗ, ಅಂಟುಪಟ್ಟಿ ಬೇಡ. ಜನರೇಟರ್ ದೂರ ಇರಲಿ. ಬಾಸ್ ಸ್ಪೀಕರ್ ಕಲ್ಲಿಗೆ, ಗಾರೆಗೆ ತಾಗಿ ನಿಲ್ಲಬಾರದು, ಸಡಿಲಾದ ಗಾರೆ ಕಂಪನಕ್ಕೆ ಉದುರುತ್ತದೆ.

ಎರಡು ಪಂಚಾಂಗ, ಒಂದು ಗೋಡೆ ಕ್ಯಾಲೆಂಡರ್

ಈ ಊರಿನ ವರ್ಷ ಸೂರ್ಯ, ಚಂದ್ರ ಇಬ್ಬರ ಲೆಕ್ಕದಲ್ಲೂ ತಿರುಗುತ್ತದೆ. ಶರಣಬಸವೇಶ್ವರರ ರಥೋತ್ಸವ ಹೋಳಿಯಾದ ಐದನೇ ದಿನಕ್ಕೆ ಬರುತ್ತದೆ. ಖ್ವಾಜಾ ಬಂದಾನವಾಜರ ಉರುಸು ಹಿಜರಿಯ ಜಿಲ್ಕಾದ್ ತಿಂಗಳ 15ರಿಂದ 17. ಅದು, ಮೊಹರಂ, ರಮಜಾನ್ ಮೂರೂ ಪ್ರತಿವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತವೆ. ಇವುಗಳ ಜೊತೆ ಶ್ರಾವಣ, ಬುದ್ಧ ಪೂರ್ಣಿಮೆ, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ನವೆಂಬರ್ 1, ಶಾಲೆಯ ಪರೀಕ್ಷೆ ಎಲ್ಲವನ್ನೂ ಮುಂದಿನ ಮೂರು ವರ್ಷಕ್ಕೆ ಒಂದೇ ಹಾಳೆಯಲ್ಲಿ ಬರೆದು ನೋಡಿ. ಪಾದರಸ 40 ಡಿಗ್ರಿ ದಾಟುವ ಏಪ್ರಿಲ್, ಮೇ ಬಯಲು ಕಾರ್ಯಕ್ರಮಕ್ಕೆ ಆಗದು. ಜೂನ್‌ನಿಂದ ಸೆಪ್ಟೆಂಬರ್ ಮಳೆ. ಉಳಿಯುವುದು ನವೆಂಬರ್‌ನಿಂದ ಫೆಬ್ರವರಿ, ಎಲ್ಲರೂ ಮೈದಾನ ಕೇಳುವುದೂ ಆಗಲೇ. ಅಪ್ಪನ ಕೆರೆಯ ಸುತ್ತಲಿನ ಜಾಗ, ಶಾಲಾ ಮೈದಾನ ಯಾವುದೇ ಇರಲಿ, ಬುಕಿಂಗ್ ಒಂದೇ ಕಡೆ, ಎಲ್ಲರಿಗೂ ಕಾಣುವ ರಿಜಿಸ್ಟರ್‌ನಲ್ಲಿ ನಡೆಯಬೇಕು.

ಧ್ವನಿಯ ನಿಯಮವನ್ನು ಇದೇ ಹಂತದಲ್ಲಿ ಬಿಡಿಸಿಕೊಳ್ಳಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ವಾದ್ಯ ಬಾರಿಸುವಂತೆಯೂ ಇಲ್ಲ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಸಬಹುದು. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯ ಎಂದು ಘೋಷಿಸಬಹುದು. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಇದರ ಬಿಸಿ ಹೆಚ್ಚು ತಟ್ಟುವುದು ಬೆಳಗಾಗುವ ತನಕ ಆಡುವ ದೊಡ್ಡಾಟ ಎಂಬ ಬಯಲಾಟಕ್ಕೆ. ದಾರಿ ಎರಡಿವೆ: ಮುಚ್ಚಿದ ಸಭಾಂಗಣದಲ್ಲಿ ಇಡೀ ರಾತ್ರಿ ಆಡಿಸುವುದು, ಇಲ್ಲವೇ ಸಂಜೆ 6ಕ್ಕೆ ಶುರು ಮಾಡಿ ಒಂದು ಪ್ರಸಂಗವನ್ನು ಎರಡು ರಾತ್ರಿಗೆ ಹಂಚುವುದು. ಪ್ರಸಂಗವನ್ನು ಎರಡು ಗಂಟೆಗೆ ಕತ್ತರಿಸಿ ಮುಗಿಸಿ ಎಂದು ಕಲಾವಿದರಿಗೆ ಹೇಳುವುದು ಪರಿಹಾರವಲ್ಲ. ಪದ, ಕುಣಿತ, ಮಾತುಗಾರಿಕೆ ಒಂದಕ್ಕೊಂದು ಹೆಣೆದುಕೊಂಡ ಆಟ ಅದು, ಕತ್ತರಿಸಿದರೆ ಉಳಿಯುವುದು ವೇಷ ಮಾತ್ರ.

ಹಣ

ಕಟ್ಟಡಕ್ಕೆ ಹಣ ಸಿಗುತ್ತದೆ, ನಡೆಸಲು ಸಿಗುವುದಿಲ್ಲ. ಇದೇ ಮೂಲ ರೋಗ. ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ರೂಪುಗೊಂಡ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯನ್ನು ದುರಸ್ತಿ, ಪ್ಲೈವುಡ್ ನೆಲ, ಶೌಚಾಲಯದಂಥ ಒಮ್ಮೆ ಮಾಡಿ ಮುಗಿಸುವ ಕೆಲಸಕ್ಕೆ ಕೇಳಿ. ಕಾವಲುಗಾರ, ಬಿಲ್ಲು, ಗುರುವಿನ ಗೌರವಧನ ಪಾಲಿಕೆಯ ಸ್ವಂತ ಬಜೆಟ್ಟಿನಲ್ಲಿ ಪ್ರತಿವರ್ಷ ಕೂರುವ ಸಾಲಾಗಬೇಕು. ಯಾವುದೇ ಕಟ್ಟಡಕ್ಕೆ ಒಪ್ಪಿಗೆ ಕೊಡುವ ಮುಂಚೆ, ಅದರ ವೆಚ್ಚದ ಶೇ 2ರಿಂದ 3ರಷ್ಟನ್ನು ವರ್ಷದ ನಿರ್ವಹಣೆಗೆ ಎಲ್ಲಿಂದ ತರುತ್ತೀರಿ ಎಂದು ಬರೆದುಕೊಡಲು ಹೇಳಿ.

ಪಾಲಿಕೆಯ ನಿಧಿಯಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಮೀಸಲು ಇಡುವ ಪದ್ಧತಿ ಇದೆ. ಹಲಗೆ, ಸಮಾಳ, ಬ್ಯಾಂಡಿನ ವಾದ್ಯ ಕೊಳ್ಳಲು, ಅಂಗವಿಕಲ ಗಾಯಕರಿಗೆ ನೆರವಾಗಲು ಕ್ರಿಯಾ ಯೋಜನೆಯಲ್ಲೇ ಸೇರಿಸಿ ಮಾರ್ಗಸೂಚಿಯ ಪ್ರಕಾರ ಮಂಜೂರಾತಿ ಪಡೆಯಿರಿ. ಮಾರ್ಚ್‌ನಲ್ಲಿ ಅವಸರಕ್ಕೆ ಕೊಂಡ ವಾದ್ಯ ಶ್ರುತಿಗೆ ಕೂರುವುದಿಲ್ಲ. ಬಾರಿಸುವವರೇ ಅಂಗಡಿಗೆ ಬಂದು ಆರಿಸುವಂತಿರಲಿ.

ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ಇದೇ ಜಿಲ್ಲೆಯಲ್ಲಿವೆ. 2013ರ ಕಂಪನಿ ಕಾಯ್ದೆಯ 7ನೇ ಅನುಸೂಚಿಯಲ್ಲಿ ಪರಂಪರೆ, ಕಲೆ, ಸಾಂಪ್ರದಾಯಿಕ ಕರಕುಶಲದ ಸಂರಕ್ಷಣೆ ಸಾಮಾಜಿಕ ಹೊಣೆಯ ಖರ್ಚಿಗೆ ಒಪ್ಪುವ ವಿಷಯ. ‘ಕಲೆಗೆ ನೆರವು ಕೊಡಿ’ ಎಂಬ ಮನವಿಗೆ ಉತ್ತರ ಬರುವುದಿಲ್ಲ. ‘ಮೂರು ವರ್ಷ, ನಾಲ್ಕು ಗುರುಗಳು, ತಲಾ ಎಂಟು ಶಿಷ್ಯರು, ತಿಂಗಳ ಖರ್ಚು ಇಷ್ಟು’ ಎಂಬ ಒಂದು ಹಾಳೆ ಕೊಡಿ.

ಬಜೆಟ್ ಹಂಚಿಕೆಗೆ ನಮ್ಮ ಸಲಹೆ: ನೂರು ರೂಪಾಯಿಯಲ್ಲಿ 40 ಜಾಗ ನಡೆಸಲು, 30 ಕಲಿಕೆಗೆ, 20 ಪ್ರದರ್ಶನಕ್ಕೆ, 10 ದಾಖಲಾತಿಗೆ. ಉತ್ಸವ ಆ 20ರೊಳಗೇ ಆಗಬೇಕು. ಕಲಾವಿದರಿಗೆ ಅರ್ಧ ಹಣ ಮುಂಗಡ, ಉಳಿದದ್ದು ಪ್ರದರ್ಶನವಾಗಿ 15 ದಿನದೊಳಗೆ ಖಾತೆಗೆ. ಮೇಳದ ಮುಖ್ಯಸ್ಥನ ಒಂದೇ ಖಾತೆಗೆ ಹಾಕದೆ ಹಾಡುವವರು, ಬಾರಿಸುವವರು ಪ್ರತಿಯೊಬ್ಬರ ಖಾತೆಗೂ ಹಾಕಿ.

ಕಲಿಕೆ ಮತ್ತು ಪರಿಶೀಲನೆ

ಕೆಂಪು ಗುರುತಿನ ಕಲೆಗಳಿಂದ ಶುರುವಾಗಲಿ. ಗುರುವಿನ ಓಣಿಯಲ್ಲೇ, ವಾರಕ್ಕೆ ಮೂರು ದಿನ, ಎರಡು ವರ್ಷ. ಆರು ತಿಂಗಳ ಶಿಬಿರದಲ್ಲಿ ತತ್ವಪದದ ಧಾಟಿ ಹಿಡಿಸಬಹುದು, ಏಕತಾರಿ ಹಿಡಿದು ರಾತ್ರಿಯಿಡೀ ಸಾಲಾಗಿ ಹಾಡುವಷ್ಟು ಪದ ಬಾಯಿಗೆ ಬರುವುದಿಲ್ಲ. ಬಯಲಾಟಕ್ಕೆ ಬಾಗಲಕೋಟೆಯ ಬಯಲಾಟ ಅಕಾಡೆಮಿ, ಉಳಿದವಕ್ಕೆ ಬೆಂಗಳೂರಿನ ಆಯಾ ಅಕಾಡೆಮಿಗಳ ಜೊತೆ ಪತ್ರ ವ್ಯವಹಾರ ಇಟ್ಟುಕೊಳ್ಳಿ. ಚಿತ್ರಕಲೆಗೆ ಊರಲ್ಲೇ ಐಡಿಯಲ್ ಫೈನ್ ಆರ್ಟ್‌ನಂಥ ಶಾಲೆ ಇದೆ. ಗೋಡೆ ಚಿತ್ರದ ಕೆಲಸವನ್ನು ಗುತ್ತಿಗೆದಾರರ ಬದಲು ಅಲ್ಲಿನ ವಿದ್ಯಾರ್ಥಿಗಳಿಗೆ ಕೊಡಿ. ಪಡುವಣ ಬಿಸಿಲು ಬೀಳುವ ಗೋಡೆ ಮಾತ್ರ ಬೇಡ, ಅಲ್ಲಿ ಬಣ್ಣ ಬೇಗ ಮಾಸುತ್ತದೆ. ತೇವ ಏರುವ ಗೋಡೆಯಲ್ಲಿ ಬಣ್ಣ ಹೊಪ್ಪಳೆ ಏಳುತ್ತದೆ.

ಆರು ತಿಂಗಳಿಗೊಮ್ಮೆ ಸಮಿತಿ ಕೂತು ನೋಡಬೇಕಾದ ಅಂಕಿ ನಾಲ್ಕೇ: ಪ್ರತಿ ತಾಲೀಮಿನ ಕೋಣೆ ವಾರಕ್ಕೆ ಎಷ್ಟು ಗಂಟೆ ತೆರೆದಿತ್ತು, ಎಷ್ಟು ಶಿಷ್ಯರು ಉಳಿದರು, ಗೌರವಧನ ಸರಾಸರಿ ಎಷ್ಟು ದಿನಕ್ಕೆ ಕೈ ಸೇರಿತು, ಹೊಸದಾಗಿ ಎಷ್ಟು ಹೆಣ್ಣುಮಕ್ಕಳು ಬಂದರು. ಉತ್ಸವಕ್ಕೆ ಸೇರಿದ ಜನರ ಲೆಕ್ಕ ಈ ಪಟ್ಟಿಗೆ ಬೇಡ. ಕೋಣೆಯ ಬಾಗಿಲಿಗೆ ಒಂದು ನೋಟ್‌ಬುಕ್ ಕಟ್ಟಿಡಿ, ಬಂದವರು ಬಂದ ಹೊತ್ತು, ಹೋದ ಹೊತ್ತು ಬರೆಯಲಿ. ಎರಡು ತಿಂಗಳು ಖಾಲಿ ಉಳಿದ ಕೋಣೆಯನ್ನು ಪಕ್ಕದ ವಾರ್ಡಿನವರಿಗೆ ಕೊಡಿ. ಮೂರನೇ ವರ್ಷದ ಜೂನ್‌ಗೆ ಸಮೀಕ್ಷೆಯ ಫಾರಂ ಮತ್ತೆ ಅಚ್ಚಾಗಬೇಕು. ಅದರ ಹಣವನ್ನು ಈ ವರ್ಷದ ಠರಾವಿನಲ್ಲೇ ಮಂಜೂರು ಮಾಡಿಸಿಕೊಳ್ಳಿ.